ಸುತ್ತ ಅಗೆದು ನೋಡೋಣ: ಒಂದು ಕಸಿ ಮಾವಿನ ಮರದ ಪಾಠ

ಯುವಜನ ಕೂಟದ ಅಧ್ಯಯನ. ಭಾನುವಾರ ಸಂಜೆ ಹೇಳಿದ ಸಂದೇಶದ ಬರಹರೂಪ.
ಓದುವ ಭಾಗ: ಲೂಕ 13:6-9, ರೋಮಾಪುರದವರಿಗೆ 11:17-24

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. ಫ್ಯಾನ್ ಕೂಡ ಈ ಕಡೆನೇ ಚೆನ್ನಾಗಿ ಓಡ್ತಿದೆ.

ಇವತ್ತು ನಾನು ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು, ಆಮೇಲೆ ವಾಕ್ಯಕ್ಕೆ ಹೋಗೋಣ. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. 2023ರ ಮಾರ್ಚ್‌ನಲ್ಲಿ ಇದೇ ಜಾಗದಲ್ಲಿ ನಿಂತು ನಾನು ಒಂದು ಸಾಕ್ಷಿ ಹೇಳಿದ್ದೆ. ನಮ್ಮ ಮನೆ ಹಿಂದಿನ ಮಾವಿನ ಮರ ಒಣಗಿ ಹೋಗ್ತಿತ್ತು, ಪ್ರಾರ್ಥನೆ ಮಾಡಿದ್ವಿ, ಬುಡದಿಂದ ಹಸಿರು ಚಿಗುರು ಬಂತು, ದೇವರು ಮರವನ್ನ ಬದುಕಿಸಿದರು ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರಿ. ಯಾರೋ ಅದನ್ನ ರೀಲ್ಸ್ ಕೂಡ ಮಾಡಿ ಹಾಕಿದ್ರು. ಆ ಸಾಕ್ಷಿ ತಪ್ಪಾಗಿತ್ತು. ನಾನು ಬೇಕಂತ ಸುಳ್ಳು ಹೇಳಲಿಲ್ಲ. ಆದ್ರೆ ನೋಡದೇ ಹೇಳಿದೆ. ಆ ಚಿಗುರು ಏನು ಅಂತ ಮೂರು ತಿಂಗಳ ನಂತರ ಒಬ್ಬ ತಾತ ಬಂದು ತೋರಿಸಿಕೊಟ್ಟರು. ಆ ಕಥೆಯೇ ಇವತ್ತಿನ ಪಾಠ.

ಮೊದಲು ಮರದ ಬಗ್ಗೆ. 2006ರಲ್ಲಿ ಹೊಸಕೋಟೆ ಕಡೆ ನಮ್ಮ ಮನೆ ಕಟ್ಟಿದಾಗ ಅಪ್ಪ ಲಾಲ್‌ಬಾಗ್‌ನಿಂದ ಒಂದು ಬಾದಾಮಿ ಕಸಿ ಗಿಡ ತಂದು ಹಿತ್ತಲಲ್ಲಿ ನೆಟ್ಟರು. ಬಾದಾಮಿ ಅಂದ್ರೆ ಬೇರೆ ಕಡೆ ಆಲ್ಫಾನ್ಸೊ ಅಂತಾರಲ್ಲ, ಅದೇ. ನಾಲ್ಕನೇ ವರ್ಷಕ್ಕೆ ಕಾಯಿ ಬಿಡ್ತು. ಅಪ್ಪ ಹಣ್ಣನ್ನ ಲೆಕ್ಕ ಹಾಕಿ, ಓಣಿಯ ಪ್ರತಿ ಮನೆಗೂ ಎರಡೆರಡು ಕೊಟ್ಟು ಬರ್ತಿದ್ರು. ನಮಗೆ ಉಳಿಯೋದು ಅಳಿಲು ಕಚ್ಚಿದ್ದು! 2019ರಲ್ಲಿ ಅಪ್ಪ ಕರ್ತನ ಸನ್ನಿಧಿಗೆ ಹೋದರು. ಹಾಗಾಗಿ ಅಮ್ಮನಿಗೆ ಆ ಮರ ಬರೀ ಮರ ಅಲ್ಲ, ನಿಮಗೆ ಅರ್ಥ ಆಗುತ್ತೆ.

2021ರ ಹೊತ್ತಿಗೆ ಪೂರ್ವದ ಕಡೆಯ ದೊಡ್ಡ ಕೊಂಬೆಯಲ್ಲಿ ಎಲೆ ಚಿಕ್ಕದಾಗೋಕೆ ಶುರುವಾಯ್ತು. ಬಣ್ಣ ಮಂಕು. ಮರುವರ್ಷ ಆ ಕೊಂಬೆ ತುದಿಯಿಂದ ಒಣಗುತ್ತಾ ಕೆಳಗೆ ಬಂತು. ಆದ್ರೆ ಅದೇ ವರ್ಷ ಉಳಿದ ಮರದ ತುಂಬಾ ಹೂವು! ನಾವೆಲ್ಲ ಖುಷಿಪಟ್ವಿ. ಕಾಯಿ ಗೋಲಿ ಗಾತ್ರಕ್ಕೆ ಬಂದು ಎಲ್ಲಾ ಉದುರಿ ಹೋಯ್ತು. ಆಮೇಲೆ ಗೊತ್ತಾಗಿದ್ದು, ಕಷ್ಟದಲ್ಲಿರೋ ಮರ ಕೆಲವೊಮ್ಮೆ ಹೀಗೆ ವಿಪರೀತ ಹೂವು ಬಿಡುತ್ತೆ ಅಂತ. ಹೂವು ನೋಡಿ ಮರ ಆರೋಗ್ಯವಾಗಿದೆ ಅನ್ನೋ ಹಾಗಿಲ್ಲ.

ಅಣ್ಣ ಹೇಳಿದ, "ಕಡಿಸಿಬಿಡೋಣ ಕಣೋ, ಕಾರ್ ನಿಲ್ಲಿಸೋಕೆ ಜಾಗ ಆಗುತ್ತೆ." ಅವನ ಮಾತಲ್ಲಿ ನ್ಯಾಯ ಇಲ್ಲ ಅಂತಲ್ಲ. ಓಣಿಯಲ್ಲಿ ಕಾರ್ ನಿಲ್ಲಿಸಿದ್ರೆ ದಿನಾ ಜಗಳ. ಈಗ ಲೂಕ 13 ತೆಗೀರಿ. ಯೇಸು ಹೇಳಿದ ಸಾಮ್ಯದಲ್ಲಿ ತೋಟದ ಯಜಮಾನನದೂ ಇದೇ ಮಾತು. ಮೂರು ವರ್ಷದಿಂದ ಬಂದು ಬಂದು ನೋಡ್ತಿದ್ದೀನಿ, ಅಂಜೂರದ ಮರದಲ್ಲಿ ಒಂದು ಹಣ್ಣೂ ಇಲ್ಲ, ಸುಮ್ಮನೆ ಭೂಮಿ ಯಾಕೆ ಹಾಳು? ಬೆಂಗಳೂರಿನಲ್ಲಿ ಅಡಿಗೆ ಇಷ್ಟು ಸಾವಿರ ಅಂತ ಲೆಕ್ಕ ಹಾಕೋ ನಮಗೆ ಆ ಯಜಮಾನ ಚೆನ್ನಾಗೇ ಅರ್ಥ ಆಗ್ತಾನೆ. ತೋಟಗಾರ ಏನಂದ? ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂದ. ಯಾವುದು ಮೊದಲು ಅಂತ ಗಮನಿಸಿ. ಅಗೆಯೋದು ಮೊದಲು, ಗೊಬ್ಬರ ಆಮೇಲೆ.

ನಾನು ಮಾಡಿದ್ದು ಉಲ್ಟಾ. ಮರ ಸೊರಗಿದೆ ಅಂದ್ರೆ ಊಟ ಕಮ್ಮಿ ಆಗಿದೆ ಅಂದುಕೊಂಡೆ. ಎರಡು ಕೆಜಿ ಯೂರಿಯಾ ತಂದು ಬುಡಕ್ಕೇ ಸುರಿದೆ. ದಿನಾ ಬೆಳಿಗ್ಗೆ ಪೈಪ್ ಹಿಡಿದು ಬುಡಕ್ಕೇ ನೀರು. ಅಮ್ಮ ಪಾತ್ರೆ ತೊಳೆದ ನೀರನ್ನೂ ಅಲ್ಲೇ ಹಾಕೋರು. ಒಂದು ವಾರ ಉಪವಾಸ ಪ್ರಾರ್ಥನೆ ಕೂಡ ಮಾಡಿದ್ವಿ, ಮರದ ಮೇಲೆ ಕೈ ಇಟ್ಟು. ನಗಬೇಡಿ! ಇದನ್ನ ಇನ್ನೂ ಯಾರ್ಯಾರು ಮಾಡಿದ್ದೀರಿ ಅಂತ ನನಗೆ ಗೊತ್ತು. ಪ್ರಾರ್ಥನೆ ಬೇಡ ಅಂತ ನಾನು ಹೇಳ್ತಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ ಮೇಲೆ ಕಣ್ಣು ತೆರೆದು ನೋಡಬೇಕು, ಅದನ್ನ ನಾನು ಮಾಡಲಿಲ್ಲ.

ಆಗಲೇ ಬುಡದಲ್ಲಿ, ಟೈಲ್ಸ್ ಮತ್ತು ಕಾಂಡದ ಸಂದಿಯಿಂದ, ಚಿಗುರು ಬಂತು. ಮೂರು ಕಡ್ಡಿ, ಎಳೆ ಎಲೆ ತಳತಳ. ಅಮ್ಮ ಅತ್ತೇಬಿಟ್ಟರು. ನಾನು ಬಂದು ಇಲ್ಲಿ ಸಾಕ್ಷಿ ಹೇಳಿದೆ.

ಜೂನ್‌ನಲ್ಲಿ ನಮ್ಮ ಸಭೆಯ ಒಬ್ಬ ಸಹೋದರಿಯ ಮಾವನವರು ಮನೆಗೆ ಬಂದರು. ಶ್ರೀನಿವಾಸಪುರದ ಕಡೆಯವರು. ಆ ಕಡೆ ಮಾವು ಅಂದ್ರೆ ಬದುಕೇ ಅಲ್ವಾ, ನರ್ಸರಿಯಲ್ಲಿ ಕಸಿ ಕಟ್ಟಿ ಕಟ್ಟಿ ಅವರ ಹೆಬ್ಬೆರಳು ಒಂದು ಕಡೆ ಸವೆದು ಹೋಗಿದೆ. ಕಾಫಿ ಕೊಟ್ವಿ. ಕುಡಿಯೋಕೆ ಮುಂಚೆನೇ ಹಿತ್ತಲಿಗೆ ಹೋದರು. ಚಿಗುರಿನ ಒಂದು ಎಲೆ ಕಿತ್ತು, ಕೈಯಲ್ಲಿ ಹೊಸಕಿ, ಮೂಸಿ ನೋಡಿದರು. ಮೇಲಿನ ಕೊಂಬೆಯ ಎಲೆ ಕಿತ್ತು ಅದನ್ನೂ ಮೂಸಿದರು. ನನ್ನ ಕೈಗೂ ಕೊಟ್ಟರು. ವಾಸನೆ ಬೇರೆ ಬೇರೆ! ಎಳೆ ಎಲೆಯ ಬಣ್ಣವೂ ಬೇರೆ.

"ಅಯ್ಯನೋರೇ, ಇದು ನಿಮ್ಮ ಬಾದಾಮಿ ಅಲ್ಲ. ಇದು ಕೆಳಗಿನದು, ನಾಟಿ. ಮೇಲಿನದು ಸಾಯ್ತಾ ಇದೆ ಅಂತ ಬೇರಿಗೆ ಗೊತ್ತಾಗಿ, ಅದು ತನ್ನ ದಾರಿ ನೋಡಿಕೊಳ್ತಾ ಇದೆ" ಅಂದರು.

ನಾನು ಅಲ್ಲೇ ನಿಂತುಬಿಟ್ಟೆ. ಮರ ಬದುಕ್ತಿದೆ ಅನ್ನೋದಕ್ಕೆ ಗುರುತು ಅಂತ ನಾನು ಸಭೆಯ ಮುಂದೆ ಎತ್ತಿ ತೋರಿಸಿದ್ದು, ಮರ ಸಾಯ್ತಿದೆ ಅನ್ನೋದಕ್ಕೆ ಗುರುತಾಗಿತ್ತು.

ನಿಮ್ಮಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟ್ ಮಕ್ಕಳು, ಕಸಿ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಸಿ ಗಿಡ ಅಂದ್ರೆ ಎರಡು ಗಿಡ ಸೇರಿ ಒಂದಾಗಿರೋದು. ಕೆಳಗೆ ನಾಟಿ ಮಾವಿನ ಓಟೆಯಿಂದ ಬಂದ ಸಸಿ, ಅದರ ಬೇರು ಗಟ್ಟಿ. ಅದರ ತಲೆ ಕತ್ತರಿಸಿ, ಒಳ್ಳೆ ಹಣ್ಣು ಕೊಡೋ ಮರದ ಕಡ್ಡಿಯನ್ನ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯಾಗಿ ಕಟ್ತಾರೆ. ಸಿಪ್ಪೆಯ ಒಳಗಿನ ಹಸಿರು ಪದರ ಇದಕ್ಕೂ ಅದಕ್ಕೂ ತಾಗಬೇಕು, ಆಗ ಮಾತ್ರ ಕೂಡಿಕೊಳ್ಳುತ್ತೆ. ಕೂಡಿದ ಜಾಗಕ್ಕೆ ಕಸಿ ಗಂಟು ಅಂತಾರೆ. ಗಂಟಿನ ಮೇಲೆ ಬಂದಿದ್ದೆಲ್ಲ ಬಾದಾಮಿ, ಕೆಳಗೆ ಬಂದಿದ್ದೆಲ್ಲ ನಾಟಿ. ಎಷ್ಟು ವರ್ಷ ಆದ್ರೂ ಎರಡೂ ಬೆರೆತು ಮೂರನೇದು ಆಗಲ್ಲ. ಒಂದರ ರಸ ಇನ್ನೊಂದರಲ್ಲಿ ಹರಿಯುತ್ತೆ, ಅಷ್ಟೇ. ಅದಕ್ಕೇ ನೆಡುವಾಗ ಗಂಟು ಮಣ್ಣಿನ ಮೇಲೇ ಇರಬೇಕು ಅನ್ನೋದು ಮೊದಲ ನಿಯಮ. ಅಪ್ಪ ಒಂದು ಗೇಣು ಮೇಲೆ ಬಿಟ್ಟೇ ನೆಟ್ಟಿದ್ದರು, ನನಗೆ ಚೆನ್ನಾಗಿ ನೆನಪಿದೆ.

ತಾತ ಕೇಳಿದರು, "ಗಂಟು ಎಲ್ಲಿ?"

ಗಂಟು ಕಾಣಲಿಲ್ಲ. ಕಾಂಡ ಕರೆಂಟ್ ಕಂಬ ಹುಗಿದ ಹಾಗೆ ನೆಟ್ಟಗೆ ನೆಲದೊಳಗೆ ಹೋಗಿತ್ತು. ಇದನ್ನ ಬರೆದುಕೊಳ್ಳಿ: ಆರೋಗ್ಯವಾದ ಮರದ ಬುಡ ನೆಲ ಸೇರುವಾಗ ಆನೆ ಪಾದದ ಹಾಗೆ ಅಗಲ ಆಗಬೇಕು. ಅಗಲ ಆಗದೇ ನೆಟ್ಟಗೆ ಇಳಿದಿದ್ರೆ, ಮರದ ಬುಡ ಹೂತುಹೋಗಿದೆ ಅಂತ ಅರ್ಥ.

"ಐದಾರು ವರ್ಷದ ಹಿಂದೆ ಇಲ್ಲಿ ಏನು ಕೆಲಸ ಮಾಡಿಸಿದ್ರಿ?" ಇದು ತಾತನ ಎರಡನೇ ಪ್ರಶ್ನೆ. ಈ ವರ್ಷ ಏನಾಯ್ತು ಅಂತ ಕೇಳಲಿಲ್ಲ ನೋಡಿ. ಮರ ನಿಧಾನದ ಜೀವ. ಇವತ್ತು ಕಾಣೋ ಕಾಯಿಲೆ ಎಂದೋ ಆದ ಪೆಟ್ಟಿನದು.

ಆಗ ನೆನಪಾಯ್ತು. ನಮ್ಮ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಆಗಿ, ಮಳೆ ಬಂದ್ರೆ ನೀರು ಮನೆಗೆ ನುಗ್ಗುತ್ತಿತ್ತು. 2016ರಲ್ಲಿ ನಾನೇ ನಿಂತು ಹಿತ್ತಲಿಗೆ ಎರಡು ಲೋಡ್ ಮಣ್ಣು ತುಂಬಿಸಿದ್ದೆ. ಮಣ್ಣು ಅಂದ್ರೆ ಮಣ್ಣಲ್ಲ, ಯಾವುದೋ ಮನೆ ಒಡೆದ ಇಟ್ಟಿಗೆ, ಗಾರೆ, ಎಲ್ಲಾ ಸೇರಿದ್ದು. ಸುಮಾರು ಒಂದೂವರೆ ಅಡಿ ಎತ್ತರ. ಅದರ ಮೇಲೆ ಸಿಮೆಂಟು, ಟೈಲ್ಸ್, ಮರದ ಕಾಂಡಕ್ಕೆ ಅಂಟಿಕೊಂಡ ಹಾಗೆ. ಆಗ ಎಲ್ಲರೂ ಎಷ್ಟು ಚೆನ್ನಾಗಿ ಮಾಡಿಸಿದ್ದೀಯಾ ಅಂದ್ರು. ಅಪ್ಪ ಮಾತ್ರ ಮರದ ಸುತ್ತ ಬಿಡೋ ಅಂದಿದ್ದರು. ನಾನು, ಅಪ್ಪಾ ಕೆಸರಾಗುತ್ತೆ, ಅಮ್ಮ ಜಾರಿ ಬೀಳ್ತಾರೆ ಅಂದೆ.

ಅದು ಹೇಗೆ ಮರ ಕೊಲ್ಲುತ್ತೆ ಅಂತೀರಾ? ಬೇರಿಗೂ ಉಸಿರಾಟ ಇದೆ. ಆಹಾರ ಹೀರೋ ಸಣ್ಣ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ, ಗಾಳಿ ಸಿಗೋ ಕಡೆ. ಅದರ ಮೇಲೆ ಒಂದೂವರೆ ಅಡಿ ಗಾರೆ ಹೇರಿ ಸಿಮೆಂಟು ಬಳಿದ್ರೆ ಉಸಿರು ಕಟ್ಟುತ್ತೆ. ಇನ್ನೊಂದು, ಕಾಂಡದ ಸಿಪ್ಪೆ ಗಾಳಿಯಲ್ಲಿರೋಕೆ ಆಗಿರೋದು, ಒದ್ದೆ ಮಣ್ಣಿನಲ್ಲಿರೋಕೆ ಅಲ್ಲ. ಹೂತ ಸಿಪ್ಪೆ ನಿಧಾನವಾಗಿ ಕೊಳೆಯುತ್ತೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ಆ ಸಿಪ್ಪೆಯ ಮೂಲಕವೇ. ಅದು ಕೊಳೆತರೆ ಬೇರಿಗೆ ಉಪವಾಸ. ಬೇರು ಸೊರಗಿದ್ರೆ ಎಲೆಗೆ ನೀರಿಲ್ಲ. ಆಮೇಲೆ ನಾನು ಸುರಿದ ಯೂರಿಯಾ, ಜ್ವರದಲ್ಲಿ ಮಲಗಿದವನಿಗೆ ಎಬ್ಬಿಸಿ ಬಿರಿಯಾನಿ ತಿನ್ನಿಸಿದ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಕಳೆದ ಎರಡು ವರ್ಷದಲ್ಲಿ ನಮ್ಮ ಕೂಟದಿಂದ ಕೆಲವರು ಕಾಣೆಯಾದರು. ಒಬ್ಬ ತಮ್ಮ ಕೀಬೋರ್ಡ್ ನುಡಿಸ್ತಿದ್ದ. ಬರೋದು ಕಮ್ಮಿ ಆದಾಗ ನಾವೇನು ಮಾಡಿದ್ವಿ? ಇನ್ನೊಂದು ಸೇವೆ ಕೊಟ್ವಿ. ಸೆಲ್ ಗ್ರೂಪ್ ನಡೆಸು ಅಂದ್ವಿ, ಶನಿವಾರ ಉಪವಾಸಕ್ಕೆ ಬಾ ಅಂದ್ವಿ. ಬುಡಕ್ಕೆ ಯೂರಿಯಾ! ಎರಡು ವರ್ಷದ ಹಿಂದೆ ಅವನ ಕೆಲಸ ರಾತ್ರಿ ಪಾಳಿಗೆ ಬದಲಾಗಿತ್ತು, ಮನೆಯಲ್ಲಿ ತಂದೆಯ ಸಾಲ ಇವನ ತಲೆಗೆ ಬಂದಿತ್ತು, ಸರಿಯಾಗಿ ನಿದ್ದೆ ಮಾಡಿ ಎಷ್ಟೋ ತಿಂಗಳಾಗಿತ್ತು. ಅದನ್ನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಾತ ಮರಕ್ಕೆ ಕೇಳಿದ ಪ್ರಶ್ನೆಯನ್ನ ನಾನು ಅವನಿಗೆ ಕೇಳೋಕೆ ಒಂದು ವರ್ಷ ಬೇಕಾಯ್ತು. ಅವನು ಈಗ ಡಾಕ್ಟರ್ ಹತ್ತಿರ ಹೋಗ್ತಿದ್ದಾನೆ, ನಿದ್ದೆ ಮಾಡ್ತಿದ್ದಾನೆ. ಕೂಟಕ್ಕೆ ಇನ್ನೂ ಬಂದಿಲ್ಲ. ಬರಲಿ, ಬರದಿರಲಿ, ವಾರಕ್ಕೊಮ್ಮೆ ಟೀ ಕುಡಿಯೋಕೆ ಸಿಗ್ತೀವಿ.

ಸರಿ, ಮರಕ್ಕೆ ಬರೋಣ. ತಾತ ಮೇಲಿಂದ ಕೆಳಗೆ ಪರೀಕ್ಷೆ ಮಾಡಿದ ರೀತಿ ನಿಮಗೆ ಗೊತ್ತಿರಬೇಕು, ಯಾಕಂದ್ರೆ ನಿಮ್ಮೂರಲ್ಲೂ ಅಜ್ಜನೋ ಮಾವನೋ ನೆಟ್ಟ ಮರ ಇರುತ್ತೆ.

ಮೊದಲು ಉಗುರಿನ ಪರೀಕ್ಷೆ. ಕೊಂಬೆಯ ಸಿಪ್ಪೆಯನ್ನ ಉಗುರಿನಲ್ಲೋ ಚಾಕುವಿನಲ್ಲೋ ಸ್ವಲ್ಪ ಕೆರೆದು ನೋಡೋದು. ಒಳಗೆ ಹಸಿರು, ಒದ್ದೆ ಇದ್ರೆ ಜೀವ ಇದೆ. ಕಂದು, ಒಣಕಲು ಇದ್ರೆ ಸತ್ತಿದೆ. ತುದಿಯಿಂದ ಕೆರೆಯುತ್ತಾ ಕೆಳಗೆ ಬಂದ್ರೆ ಸಾವು ಎಲ್ಲಿಗೆ ನಿಂತಿದೆ ಅಂತ ಗೊತ್ತಾಗುತ್ತೆ. ಪೂರ್ವದ ಕೊಂಬೆಯನ್ನ ಹಾಗೆ ಕೆರೆಯುತ್ತಾ ಬಂದಾಗ ಒಂದು ಕಡೆ ಚಾಕುವಿಗೆ ಟಿಣ್ ಅಂತ ತಾಗ್ತು. ತಂತಿ! ಅಮ್ಮ ಬಟ್ಟೆ ಒಣಹಾಕೋಕೆ ಅಂತ ಎಂದೋ ಕಟ್ಟಿದ ತಂತಿ. ಕೊಂಬೆ ದಪ್ಪ ಆಗ್ತಾ ಆಗ್ತಾ ತಂತಿ ಮಾಂಸದೊಳಗೆ ಉಂಗುರದ ಹಾಗೆ ಹೂತುಹೋಗಿತ್ತು. ಹಗ್ಗ ಈಚೆಗೆ ಬದಲಾಯಿಸಿದ್ವಿ, ಹಳೇ ತಂತಿ ಬಿಚ್ಚೋದು ಮರೆತಿದ್ವಿ. ಬೇರಿನ ತೊಂದರೆ ಇಡೀ ಮರಕ್ಕಿದ್ದರೂ ಆ ಕೊಂಬೆ ಮೊದಲು ಹೋಗಿದ್ದು ಯಾಕೆ ಅನ್ನೋದಕ್ಕೆ ಉತ್ತರ ಅಲ್ಲಿತ್ತು.

ಆಮೇಲೆ ಕಾಂಡ. ಒಂದು ತೂತು, ಅದರ ಕೆಳಗೆ ಮರದ ಹೊಟ್ಟು ಉದುರಿತ್ತು. ಕಾಂಡ ಕೊರೆಯೋ ಹುಳ. ಇದಕ್ಕೂ ಮುಂಚೆ ಬಂದಿದ್ದ ಒಬ್ಬರು ಅದನ್ನೇ ನೋಡಿ, ಹುಳದಿಂದಲೇ ಎಲ್ಲ, ಔಷಧಿ ಹೊಡೆದ್ರೆ ಸರಿ ಹೋಗುತ್ತೆ ಅಂದಿದ್ದರು. ತಾತ ತಲೆ ಅಲ್ಲಾಡಿಸಿದರು. "ಹುಳ ಆಮೇಲೆ ಬಂದಿದ್ದು. ಸೊರಗಿದ ಮರ ಹುಡುಕಿಕೊಂಡೇ ಬರೋದು ಅದು." ದಪ್ಪ ತಂತಿ ತೂತಿಗೆ ಹಾಕಿ ತಿರುಗಿಸಿ ಹುಳವನ್ನ ಕೊಂದರು, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿದರು, ಹಸಿ ಮಣ್ಣು ಮೆತ್ತಿದರು. ಐದು ನಿಮಿಷದ ಕೆಲಸ. ಹಾಗಂತ ಅಲ್ಲಿಗೇ ನಿಲ್ಲಿಸಿದ್ರೆ ಇನ್ನೊಂದು ಹುಳ ಬರ್ತಿತ್ತು.

ಕೊನೆಗೆ ಬುಡ. ಟೈಲ್ಸ್ ಒಡೆಸೋಕೆ ಅಣ್ಣ ಒಪ್ಪಲಿಲ್ಲ. ಟೈಲ್ಸಿನ ದುಡ್ಡು ಅವನದು, ಅದೂ ನಿಜ. ಅಮ್ಮ ಏನೂ ಮಾತಾಡಲಿಲ್ಲ. ಅಡುಗೆಮನೆಯಿಂದ ಅಪ್ಪನ ಹಳೇ ಹಾರೆ ತಂದು ಗೋಡೆಗೆ ಒರಗಿಸಿ ಒಳಗೆ ಹೋದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವರ್ಷ. ಆಮೇಲೆ ನಾನು ಹೇಳಿದ ಹಾಗೆ" ಅಂದ. ಅವನು ಲೂಕ 13 ಓದಿ ಹೇಳಿದ್ದಲ್ಲ, ಅವನಿಗೆ ವಾಕ್ಯ ಅಷ್ಟಾಗಿ ಗೊತ್ತಿಲ್ಲ. ನನ್ನ ಮೈ ಜುಮ್ ಅಂತು.

ಕಾಂಡದ ಸುತ್ತ ಎರಡೂವರೆ ಅಡಿ ಬಿಟ್ಟು ದುಂಡಗೆ ಟೈಲ್ಸ್, ಸಿಮೆಂಟು ಒಡೆದ್ವಿ. ಹಾರೆ ಅಲ್ಲಿವರೆಗೆ ಮಾತ್ರ. ಕಾಂಡದ ಹತ್ತಿರ ಬಂದಾಗ ತಾತ ಕೈಯಲ್ಲೇ ಬಗೆಯಿರಿ ಅಂದರು, ಇಲ್ಲಾಂದ್ರೆ ಉಳಿದಿರೋ ಬೇರಿಗೂ ಗಾಯ ಆಗುತ್ತೆ. ಎರಡು ದಿನ ಹಿಡೀತು. ಮಣ್ಣಿನಿಂದ ಕೆಟ್ಟ ಹುಳಿ ವಾಸನೆ. ಎರಡನೇ ದಿನ ಮಧ್ಯಾಹ್ನ ಕಸಿ ಗಂಟು ಕಾಣಿಸ್ತು, ಮೇಲಿನ ಸಿಪ್ಪೆ ನುಣುಪು, ಕೆಳಗಿನದು ಒರಟು, ನಡುವೆ ಸಣ್ಣ ಉಬ್ಬು. ಏಳು ವರ್ಷದ ನಂತರ ನೋಡಿದ್ದು. ಒಂದು ಕಡೆ ಸಿಪ್ಪೆ ಕಪ್ಪಗಾಗಿ, ಒತ್ತಿದ್ರೆ ಮೆತ್ತಗೆ. ತಾತ ಚಾಕುವಿನಲ್ಲಿ ಕೊಳೆತದ್ದನ್ನೆಲ್ಲ ಕೆರೆದು ತೆಗೆದರು, ಹಸಿರು ಅಂಚು ಸಿಗೋವರೆಗೂ. ಆಮೇಲೆ ಗೇಣು ಹಾಕಿ ಸುತ್ತಳತೆ ನೋಡಿದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬದುಕಿತ್ತು. ಪೂರ್ತಿ ಸುತ್ತ ಕೊಳೆತಿದ್ರೆ ಕೈ ಮುಗಿದು ಹೋಗ್ತಿದ್ದೆ ಅಂದರು. ಇದನ್ನೂ ತಿಳ್ಕೊಂಡಿರಿ, ಎಲ್ಲಾ ಮರವೂ ಉಳಿಯಲ್ಲ. ಕೆಲವಕ್ಕೆ ನಾವು ತಡವಾಗಿ ಬಂದಿರ್ತೀವಿ.

ಗಾಯಕ್ಕೆ ಬೋರ್ಡೊ ಮುಲಾಮು. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಟ್ಟ ಸುಣ್ಣ, ಒಂದು ಲೀಟರ್ ನೀರು. ಅರ್ಧ ಲೀಟರಿನಲ್ಲಿ ಮೈಲುತುತ್ತ ಕರಗಿಸಿ, ಇನ್ನರ್ಧದಲ್ಲಿ ಸುಣ್ಣ ಅರಳಿಸಿ ಆರಲು ಬಿಟ್ಟು, ಆಮೇಲೆ ಎರಡೂ ಸೇರಿಸಿ ಕಲಕಬೇಕು. ಪ್ಲಾಸ್ಟಿಕ್ ಬಕೆಟ್ ಅಥವಾ ಮಣ್ಣಿನ ಪಾತ್ರೆ ಮಾತ್ರ, ಲೋಹದ್ದು ಬೇಡ. ಒಂದು ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದ್ರೆ ಇನ್ನೂ ಸ್ವಲ್ಪ ಸುಣ್ಣ ಹಾಕಬೇಕು. ಮಾಡಿದ ದಿನವೇ ಬಳಿದು ಮುಗಿಸಿಬಿಡಿ. ಕೈಗೆ ಗ್ಲೌಸ್, ಕಣ್ಣು ಜೋಪಾನ.

ಸತ್ತ ಕೊಂಬೆಯನ್ನ ತಂತಿಗಿಂತ ಒಂದು ಗೇಣು ಕೆಳಗೆ, ಹಸಿರು ಇರೋ ಜಾಗದಲ್ಲಿ ಕತ್ತರಿಸಿದ್ವಿ. ಮೊದಲು ಅಡಿಯಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿಂದ. ಇಲ್ಲಾಂದ್ರೆ ಕೊಂಬೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತೆ. ಕತ್ತರಿಸಿದ ಮುಖಕ್ಕೂ ಮುಲಾಮು.

ಈಗ ಆ ಮೂರು ಚಿಗುರು. ನನ್ನ "ಸಾಕ್ಷಿ"! ನಾನು ಸಿಟ್ಟಿನಲ್ಲಿ ಕಿತ್ತುಹಾಕೋಕೆ ಹೋದೆ. ತಾತ ಕೈ ಹಿಡಿದರು. ಎರಡನ್ನ ಅವರೇ ಬುಡದಿಂದ ಸೀಳಿ ತೆಗೆದರು. ಅದನ್ನ ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ, ಸೀಳಿ ತೆಗೀಬೇಕು. ಮೂರನೇದು ಕೊಳೆತ ಜಾಗದ ನೇರ ಕೆಳಗೆ ಹುಟ್ಟಿತ್ತು, ಕಿರುಬೆರಳಿಗಿಂತ ದಪ್ಪ. ಅದರ ತುದಿ ಕತ್ತರಿಸಿ, ಬೆಣೆಯ ಹಾಗೆ ಚೂಪು ಮಾಡಿ, ಗಾಯದ ಮೇಲ್ಭಾಗದಲ್ಲಿ ಒಳ್ಳೆ ಸಿಪ್ಪೆಯಲ್ಲಿ ಒಂದು ಸೀಳು ಕೊಟ್ಟು, ಬಗ್ಗಿಸಿ ಅದರೊಳಗೆ ತೂರಿಸಿದರು. ಎರಡು ಸಣ್ಣ ಮೊಳೆ, ಮೇಲೆ ಮೇಣ. ಮಳೆಗಾಲದಲ್ಲಿ ಸಿಪ್ಪೆ ಸುಲಭವಾಗಿ ಬಿಡುತ್ತೆ, ಹಾಗಾಗಿ ಸಮಯವೂ ಸರಿಯಾಗಿತ್ತು. ಕೊಳೆತ ಜಾಗವನ್ನ ದಾಟಿ ಮೇಲಿಂದ ಬೇರಿಗೆ ಒಂದು ಸೇತುವೆ. "ಹಿಡಿದ್ರೆ ಹಿಡೀತು. ಇದರಲ್ಲಿ ಎಲೆ ಬಂದ್ರೆ ಚಿವುಟಿ ಹಾಕ್ತಾ ಇರಿ, ಬೆಳೆಯೋಕೆ ಬಿಡಬೇಡಿ" ಅಂದರು.

ರೋಮಾಪುರ 11 ನಿಮಗೆ ನೆನಪಾಗ್ತಿರಬೇಕು. ಒಂದು ಎಚ್ಚರಿಕೆ. ಪೌಲ ಹೇಳೋ ಕಸಿ ನಮ್ಮ ಮಾವಿನ ಕಸಿಗೆ ಉಲ್ಟಾ. ನಾವು ನಾಟಿ ಬೇರಿಗೆ ಒಳ್ಳೆ ಕಡ್ಡಿ ಕಟ್ತೀವಿ. ಪೌಲನ ಚಿತ್ರದಲ್ಲಿ ಬೇರು ಊರ ಎಣ್ಣೇಮರದ್ದು, ಕಟ್ಟಿದ ಕಡ್ಡಿ ಕಾಡಿನದು. ಇದು ಸ್ವಭಾವದ ಪ್ರಕಾರ ನಡೆಯೋದಲ್ಲ ಅಂತ ಅವನೇ 24ನೇ ವಚನದಲ್ಲಿ ಒಪ್ಪಿಕೊಳ್ತಾನೆ. ತೋಟಗಾರರು ಸಾಮಾನ್ಯವಾಗಿ ಮಾಡದ ಕೆಲಸವನ್ನ ದೇವರು ಅನ್ಯಜನಾಂಗದ ನಮಗಾಗಿ ಮಾಡಿದರು ಅನ್ನೋದೇ ಅಲ್ಲಿಯ ಆಶ್ಚರ್ಯ. ಹಾಗಾಗಿ ನಮ್ಮ ಹಿತ್ತಲ ನಾಟಿ ಚಿಗುರು ಅಂದ್ರೆ ಹಳೇ ಮನುಷ್ಯ, ಬಾದಾಮಿ ಅಂದ್ರೆ ಹೊಸ ಮನುಷ್ಯ ಅಂತೆಲ್ಲ ಸಲೀಸಾಗಿ ಜೋಡಿಸಬೇಡಿ. ಮರ ಮರವೇ. ಪೌಲ ಹೇಳೋದರಲ್ಲಿ ನನ್ನನ್ನ ಹಿಡಿದದ್ದು 18ನೇ ವಚನ. ಕೊಂಬೆ ಬೇರನ್ನ ಹೊತ್ತಿಲ್ಲ, ಬೇರೇ ಕೊಂಬೆಯನ್ನ ಹೊತ್ತಿದೆ, ಹಾಗಾಗಿ ಹೆಚ್ಚಳಪಡಬೇಡ ಅನ್ನೋದು. ವೇದಿಕೆ ಮೇಲೆ ಮೈಕ್ ಹಿಡಿದು ಮರದ ಕಥೆ ಹೇಳಿದ ನಾನು ಹೆಚ್ಚಳಪಟ್ಟಿದ್ದು ನಿಜ. ಬೇರಿನ ಕಡೆ ನೋಡಿರಲಿಲ್ಲ ಅನ್ನೋದೂ ನಿಜ.

ಅಗೆದ ಜಾಗ ಈಗ ತಗ್ಗು, ಸುತ್ತಲ ಹಿತ್ತಲು ಎತ್ತರ. ಮಳೆ ನೀರು ಅಲ್ಲಿ ನಿಂತರೆ ಮತ್ತದೇ ಕಥೆ. ಅದಕ್ಕೆ ಸುತ್ತ ಕಲ್ಲು ಜೋಡಿಸಿ, ಒಂದು ಕಡೆಯಿಂದ ಪೈಪ್ ಇಟ್ಟು ನೀರು ಹೊರಗೆ ಹೋಗೋ ಹಾಗೆ ಮಾಡಿದ್ವಿ. ಗೊಬ್ಬರ ಯಾವಾಗ ಅಂದ್ರೆ, ಮೇಲಿನ ಕೊಂಬೆಯಲ್ಲಿ ಹೊಸ ಎಲೆ ಬಂದು ಬಲಿತ ಮೇಲೆ, ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ. ಬುಡಕ್ಕಲ್ಲ. ನಡು ಮಧ್ಯಾಹ್ನ ಮರದ ನೆರಳಿನ ಅಂಚು ಎಲ್ಲಿ ಬೀಳುತ್ತೋ ಅಲ್ಲಿ, ಅದಕ್ಕಾಗಿ ಇನ್ನೊಂದು ಸಾಲು ಟೈಲ್ಸ್ ಹೋಯ್ತು. ನೀರೂ ಅಲ್ಲೇ, ವಾರಕ್ಕೊಮ್ಮೆ, ಬೆರಳು ಇಟ್ಟು ಮಣ್ಣು ಒಣಗಿದ್ರೆ ಮಾತ್ರ.

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಎಲೆ ಉದುರಿತು. ಆ ಎರಡು ತಿಂಗಳಲ್ಲಿ ನಾನು ಸಭಾಪಾಲಕರ ಹತ್ತಿರ ಹೋಗಿ ಸಾಕ್ಷಿ ವಿಷಯ ಹೇಳಿದೆ. ಮರ ಪೂರ್ತಿ ಚಿಗುರಿದ ಮೇಲೆ ಹೇಳಬಹುದಲ್ವಾ, ಚೆನ್ನಾಗಿರುತ್ತೆ ಅಂತ ಒಬ್ಬ ಹಿರಿಯರು ಅಂದರು. ಸಭಾಪಾಲಕರು, ಇಲ್ಲ, ಈಗಲೇ ಹೇಳು, ಚಿಗುರದಿದ್ರೂ ಹೇಳಬೇಕಾದ್ದು ಅದೇ ತಾನೇ ಅಂದರು. ದೊಡ್ಡವರ ಆರಾಧನೆಯಲ್ಲಿ ಎರಡು ನಿಮಿಷ ತಗೊಂಡು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಚಪ್ಪಲಿ ಹಾಕ್ಕೊಳ್ತಿದ್ದಾಗ ಒಬ್ಬ ಹುಡುಗಿ ಬಂದು, "ಅಣ್ಣಾ, ನಾನೂ ಒಂದು ಸಾಕ್ಷಿ ಹೇಳಿದ್ದೆ, ಅದು ಪೂರ್ತಿ ನಿಜ ಅಲ್ಲ, ಯಾರ ಹತ್ತಿರ ಹೇಳೋದು ಗೊತ್ತಾಗ್ತಿಲ್ಲ" ಅಂದಳು. ಅವಳ ಜೊತೆ ಅಮ್ಮನೂ ನಾನೂ ಕೂತು ಬಹಳ ಹೊತ್ತು ಮಾತಾಡಿದ್ವಿ. ಅದು ಅವಳ ವಿಷಯ, ಇಲ್ಲಿ ಬೇಡ. ಯುವಜನ ಕೂಟದಲ್ಲಿ ನಾನು ಹೇಳೋದು ಬಾಕಿ ಇತ್ತು. ಇವತ್ತು ಹೇಳಿದ್ದೀನಿ.

ಸೆಪ್ಟೆಂಬರ್‌ನಲ್ಲಿ ಪಶ್ಚಿಮದ ಕೊಂಬೆಯಲ್ಲಿ ಎಳೆ ಎಲೆ ಬಂತು, ತುದಿಯಲ್ಲಿ. ಕಿತ್ತು ಮೂಸಿದೆ. ಬಾದಾಮಿ! ಸೇತುವೆ ಕಡ್ಡಿಯೂ ಹಿಡಿದಿತ್ತು, ಮೊಳೆಯ ಸುತ್ತ ಉಬ್ಬಿಕೊಂಡು. ಈಗ ಅದು ನನ್ನ ಹೆಬ್ಬೆರಳಿನಷ್ಟು ದಪ್ಪ. 2024ರಲ್ಲಿ ಬಂದ ಹೂವನ್ನ ತಾತ ಫೋನಿನಲ್ಲೇ ಹೇಳಿ ಮುರಿಸಿದರು, ಈ ವರ್ಷ ಹೊರೋ ಶಕ್ತಿ ಇಲ್ಲ ಅಂತ. ಮುರಿಯುವಾಗ ಅಮ್ಮನಿಗೆ ಸಂಕಟ ಆಯ್ತು. 2025ರಲ್ಲಿ ಹನ್ನೊಂದು ಹಣ್ಣು. ನಾಲ್ಕು ಅಳಿಲಿಗೆ. ಉಳಿದ ಏಳರಲ್ಲಿ ಅಮ್ಮ ಎರಡನ್ನ ಪಕ್ಕದ ಮನೆಗೆ ಕೊಟ್ಟುಬಂದರು, ಅಪ್ಪನ ಹಾಗೇ.

ಮರ ಅರ್ಧ ಬೋಳು. ಪೂರ್ವದ ಕಡೆ ನೋಡಿದ್ರೆ ಬರೀ ಆಕಾಶ. ಗಾಯದ ಜಾಗ ಇನ್ನೂ ಮುಚ್ಚಿಲ್ಲ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮುಲಾಮು ಬಳೀಬೇಕು. ಜೋರು ಗಾಳಿ ಬಂದ್ರೆ ಏನಾಗುತ್ತೋ ಅಂತ ಭಯ ಇದ್ದೇ ಇದೆ. ಅಣ್ಣ ಕೊಟ್ಟ ಒಂದು ವರ್ಷ ಎಂದೋ ಮುಗೀತು, ಅವನು ಆ ಮಾತು ಎತ್ತಿಲ್ಲ. ಕಾರು ಈಗಲೂ ಓಣಿಯಲ್ಲೇ ನಿಲ್ಲುತ್ತೆ, ಜಗಳ ಈಗಲೂ ಇದೆ. ಲೂಕ 13ರ ಅಂಜೂರದ ಮರ ಮರುವರ್ಷ ಹಣ್ಣು ಬಿಟ್ಟಿತೋ, ಕಡಿದರೋ, ಯೇಸು ಹೇಳಲೇ ಇಲ್ಲ. ಅಗೆಯೋವರೆಗೆ ಹೇಳಿ ನಿಲ್ಲಿಸಿದರು.

ಬರೋ ಶನಿವಾರ ಸಂಜೆ ನಾಲ್ಕು ಗಂಟೆಗೆ ತಾತ ನಮ್ಮ ಮನೆಗೆ ಬರ್ತಿದ್ದಾರೆ, ಮುಲಾಮು ಬಳಿಯೋಕೆ. ಬರೋರು ಬನ್ನಿ, ಕಸಿ ಕಟ್ಟೋದನ್ನೂ ತೋರಿಸ್ತಾರೆ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಮೈಲುತುತ್ತದ ನೀಲಿ ಕಲೆ ಹೋಗಲ್ಲ. ಕಾಫಿ ಅಮ್ಮ ಕೊಡ್ತಾರೆ. ಈಗ ಎದ್ದು ನಿಲ್ಲೋಣ. ಪಕ್ಕದಲ್ಲಿ ಇರೋರ ಹೆಸರು ಕೇಳಿ, ಈ ವರ್ಷ ಅವರ ಮನೆಯಲ್ಲಿ ಏನು ನಡೀತಿದೆ ಅಂತ ಒಂದು ಮಾತು ಕೇಳಿ, ಆಮೇಲೆ ಅವರಿಗಾಗಿ ಪ್ರಾರ್ಥನೆ ಮಾಡಿ. ಆತುರ ಬೇಡ, ಹತ್ತು ನಿಮಿಷ ಇದೆ.